ಬಾವಿಗೆ ಕೈ ಎತ್ತದವರು

ಕೋಟೆಯ ಹಿಂದಿನ ದಿಬ್ಬದ ಮೇಲೆ ಶಂಕ್ರೆಪ್ಪ ಮಾಸ್ತರರ ಹೆಣ ಬಿದ್ದಿದೆ ಎಂಬ ಸುದ್ದಿ ಬಂದಾಗ ನಾನು ಅರಿವೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಸುದ್ದಿ ತಂದವನು ಕೆಳಗಿನ ಕೇರಿಯ ಭರಮಪ್ಪ. ಆ ಕೇರಿಗೆ ಬಾವಿ ಇರಲಿಲ್ಲ. ಹಳ್ಳದ ನೀರಿಗೆ ಹೋಗುವ ದಾರಿಯಲ್ಲಿ ಅವನು ಹೆಣ ಕಂಡಿದ್ದ.

ನಾನು ಅವನನ್ನು ಫೌಜದಾರರ ಬಳಿಗೆ ಅಟ್ಟಿ, ಉಳವಪ್ಪನವರ ಮನೆಗೆ ಓಡಿದೆ. ಬೆಳಗಾವಿಯಲ್ಲಿ ಪೊಲೀಸ್ ನೌಕರಿ ಮುಗಿಸಿ ಸವದತ್ತಿಗೆ ಬಂದು ನೆಲೆಸಿದ್ದ ಅವರು ಸುತ್ತಲಿನ ಎಷ್ಟೋ ಕಳವು, ಕೊಲೆಗಳ ಗಂಟು ಬಿಡಿಸಿದ್ದರು. ಅವರ ಹಿಂದೆ ತಿರುಗುವುದು ನನಗೆ ಅಂಗಡಿಗಿಂತ ಹೆಚ್ಚಿನ ಕಸುಬಾಗಿತ್ತು.

ಅದು ೧೯೧೪ನೆಯ ಇಸವಿ. ಮುಂದಿನ ವಾರ ಮುನ್ಸಿಪಾಲ್ಟಿಯ ಚುನಾವಣೆ.

ಮಾಸ್ತರರು ಬೋರಲಾಗಿ ಬಿದ್ದಿದ್ದರು. ಹಿಂದಲೆ ಒಡೆದಿತ್ತು, ಮಗ್ಗುಲಲ್ಲಿ ಒಂದು ಕಲ್ಲಿತ್ತು. ಹಿಂದಿನ ದಿನದ ಮಳೆಗೆ ಸುತ್ತಲಿನ ಎರೆಮಣ್ಣು ಕೆಸರಾಗಿತ್ತು. ಫೌಜದಾರರ ಒಪ್ಪಿಗೆ ಪಡೆದು ಉಳವಪ್ಪನವರು ಹೆಣದ ಭುಜವನ್ನು ಮೆಲ್ಲಗೆ ಎತ್ತಿ ಕೆಳಗಿನ ನೆಲಕ್ಕೆ ಅಂಗೈ ಒತ್ತಿದರು. ಕೈಗೆ ಹತ್ತಿದ್ದು ಒಣ ಧೂಳು.

"ಶಟ್ಟೆಪ್ಪ, ನಿನ್ನಿ ಮಳಿ ಯಾವಾಗ ಸುರು ಆತು?"

"ಮುನ್ಸಿಪಾಲ್ಟಿ ಮೀಟಿಂಗ್ ನಡದಿತ್ತರಿ. ನನ್ನ ಅಂಗಡಿ ಎದುರಿಗೇ ಐತೆಲ್ಲ, ಜವಾನ ಓಡಿ ಬಂದು ಕಿಡಕಿ ಹಾಕಿದ್ದು ನೋಡೇನಿ."

"ಮೆಂಬರ ಮಲಕಾಜಪ್ಪ ಒಳಗಿದ್ನೇನು?"

"ಸುರುವಾತಿನಿಂದ ದೀಪಾ ಹಚ್ಚೂತನಕ ಅಲ್ಲೇ ಇದ್ರರಿ."

ಅಷ್ಟರಲ್ಲಿ ನೆರೆದ ಜನರ ಬಾಯಲ್ಲಿ ಆಗಲೇ ಮಲಕಾಜಪ್ಪನ ಹೆಸರು ಓಡಾಡುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಸಾಲೆಯಿಂದ ನಿವೃತ್ತರಾದ ಮೇಲೆ ಮಾಸ್ತರರು ಪ್ರತಿ ಮೀಟಿಂಗಿನಲ್ಲೂ ಹೋಗಿ ಕೂಡುತ್ತಿದ್ದರು. ಸಂತೆಯ ದಿನ ಪೇಟೆಯ ಕಟ್ಟೆ ಏರಿ, ಯಾವ ಮೆಂಬರ ಯಾವ ಕೆಲಸಕ್ಕೆ ಕೈ ಎತ್ತಿದ, ಯಾವನು ಎತ್ತಲಿಲ್ಲ, ಯಾರು ಬರಲೇ ಇಲ್ಲ ಎಂಬುದನ್ನು ಪಾಠ ಹೇಳಿದಂತೆ ಹೇಳುತ್ತಿದ್ದರು. ಹೋದ ಸಂತೆಯಲ್ಲಿ ಮಲಕಾಜಪ್ಪನ ಸರದಿ. ಮೂರು ವರ್ಷದಲ್ಲಿ ಕೆಳಗಿನ ಕೇರಿಯ ಬಾವಿಗೆ ಅವನು ಒಮ್ಮೆಯೂ ಕೈ ಎತ್ತಿರಲಿಲ್ಲ. ರಸ್ತೆಯ ಕೆಲಸಕ್ಕೆ ಬೆಳಗಾವಿಗೆ ಹೋಗಿದ್ದೆನೆಂದು ಭತ್ಯೆ ಎಣಿಸಿಕೊಂಡ ದಿನ ಮುರಗೋಡದಲ್ಲಿ ಬೀಗರ ಮನೆಯ ಮದುವೆ ಉಂಡಿದ್ದ. ಸಂತೆ ನಕ್ಕಿತ್ತು. ಮಲಕಾಜಪ್ಪ ಎಲ್ಲರೆದುರು ಕೂಗಿದ್ದ: "ಮುಂದಿನ ಸಂತಿಗೆ ನೀ ಇಲ್ಲಿ ನಿಂದ್ರೂದಿಲ್ಲ!"

ಫೌಜದಾರರು ಅವನನ್ನು ಕಚೇರಿಗೆ ಕರೆದೊಯ್ದರು.

ಅಷ್ಟರಲ್ಲಿ ಪರಸಪ್ಪನ ಎತ್ತಿನ ಗಾಡಿ ಬಂದಿತು. ಚುನಾವಣೆಯಲ್ಲಿ ಮಲಕಾಜಪ್ಪನ ಎದುರಾಳಿ ಇವನೇ. ಬಾವಿ ತೋಡಿಸುತ್ತೇನೆಂದು ಮನೆಮನೆಗೆ ಹೇಳಿಕೊಂಡು ತಿರುಗುತ್ತಿದ್ದ. ಹೆಣದ ಕಾಲು ಹಿಡಿದು ಅತ್ತ.

"ನಿನ್ನಿ ಮಧ್ಯಾಹ್ನದಾಗ ಉಗರಗೋಳಕ್ಕ ತಂಗಿ ಮನಿಗೆ ಹೋಗಿದ್ನಿರಿ. ಮಳಿ ಸುರು ಆಗೂ ಹೊತ್ತಿಗೆ ಅಲ್ಲಿ ಬೆಚ್ಚಗ ಕುಂತಿದ್ನಿ. ಇಲ್ಲಿ ಇದ್ದಿದ್ರ ಹಿಂಗ ಆಗಾಕ ಬಿಡ್ತಿದ್ನೇನ್ರಿ?"

ಯಾವಾಗಲೂ ನನ್ನ ಅಂಗಡಿಯ ಸಣ್ಣನೂಲಿನ ಧೋತರವನ್ನೇ ಉಡುವ ಮನುಷ್ಯ ಅಂದು ಮೊಣಕಾಲಿಗಷ್ಟೇ ಬರುವ ದಪ್ಪ ಧೋತರ ಉಟ್ಟಿದ್ದ. ದುಃಖದಲ್ಲಿ ಕೈಗೆ ಸಿಕ್ಕಿದ್ದು ಸುತ್ತಿಕೊಂಡಿದ್ದಾನೆ ಎಂದು ನಾನು ಕನಿಕರಪಟ್ಟೆ.

ಅಲ್ಲಿಂದ ಮಾಸ್ತರರ ಮನೆಗೆ ಹೋದೆವು. ಅವರ ಹೆಂಡತಿ ಸುಂದರವ್ವ ಅಳುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು.

"ನಿನ್ನಿ ಯಾವಾಗ ಹೊರಗ ಹೋದ್ರು, ತಾಯಿ?" ಎಂದು ಉಳವಪ್ಪನವರು ಕೇಳಿದರು.

"ಮೀಟಿಂಗಿನ ಗಂಟಿ ಬಾರಿಸಿದ ಮ್ಯಾಲರಿ. ಅಲ್ಲಿಗೇ ಹ್ವಾದ್ರು ಅಂದ್ಕೊಂಡಿದ್ನಿ. ರಾತ್ರಿ ಬರಲಿಲ್ಲಂದ್ರ ಮಳಿಗೆ ಅಲ್ಲೇ ಉಳದಾರ ಅಂತ ತಿಳಕೊಂಡ್ನಿ."

"ಈ ಸಂತ್ಯಾಗ ಏನ್ ಹೇಳೋರಿದ್ರು?"

"ಈ ಸಲ ಒಬ್ಬಂದಲ್ಲ, ಇಬ್ಬರದ್ದೂ ಹೇಳ್ತೇನಿ ಅಂದಿದ್ರು. ಎರಡನೇದಾಂವ ಯಾರು ಅಂತ ಕೇಳಿದ್ರ, ಮೊದಲ ಅವನ ಬಾಯಿಲೆ ಕೇಳ್ತೇನಿ, ಆಮ್ಯಾಲ ನಿನಗ ಹೇಳ್ತೇನಿ ಅಂದ್ರು. ಯಾರ ಮಾತು ಹೇಳೂದಿದ್ರೂ ಮೊದಲ ಅವನ್ನ ಕಂಡು, ನಿಂದೇನಾರ ಹೇಳೂದು ಐತೇನು ಅಂತ ಕೇಳ್ತಿದ್ರರಿ. ಮಲಕಾಜಪ್ಪನ್ನೂ ಹಂಗ ಕೇಳಿದ್ರು."

ಅಂದೇ ನಾವು ಮುನವಳ್ಳಿಗೆ, ಹಿಂದೆ ಸವದತ್ತಿಯಲ್ಲಿ ಮೆಂಬರರಾಗಿದ್ದ ಒಬ್ಬ ಹಿರಿಯರ ಮನೆಗೆ ಹೋದೆವು. ಮರುದಿನ ಉಗರಗೋಳ. ಎರಡೂ ಕಡೆ ಉಳವಪ್ಪನವರು ನನ್ನನ್ನು ಗಾಡಿಯಲ್ಲೇ ಬಿಟ್ಟು ಒಬ್ಬರೇ ಒಳಗೆ ಹೋದರು. ಉಗರಗೋಳದಿಂದ ಮರಳುವಾಗ ಅವರ ಕಂಕುಳಲ್ಲಿ ಒಂದು ಗಂಟಿತ್ತು, ಮೋರೆ ಕಪ್ಪಿಟ್ಟಿತ್ತು.

ಸಂಜೆ ಮಾಸ್ತರರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಫೌಜದಾರರ ಪಕ್ಕದಲ್ಲಿ ಮಲಕಾಜಪ್ಪ ಬೆವರುತ್ತ ಕುಳಿತಿದ್ದ. ಪರಸಪ್ಪ ಸುಂದರವ್ವನ ಸಮೀಪದಲ್ಲಿದ್ದ. ಭರಮಪ್ಪ ಅಂಗಳದಲ್ಲೇ ನಿಂತಿದ್ದ.

"ಗಂಟಿ ಬಾರಿಸಿದಾಗ ಮಾಸ್ತರರು ಜೀವಂತ ಇದ್ರು," ಎಂದು ಉಳವಪ್ಪನವರು ಆರಂಭಿಸಿದರು. "ಅವರ ಮೈ ಕೆಳಗಿನ ಮಣ್ಣು ಒಣಗಿತ್ತು. ಅಂದ್ರ ಮಳಿ ಬೀಳೂಕಿಂತ ಮೊದಲ ಅವರು ಬಿದ್ದಾರ. ಆ ಎರಡರ ನಡುವ ಮಲಕಾಜಪ್ಪ ಮೀಟಿಂಗ್ ಬಿಟ್ಟು ಎದ್ದಿಲ್ಲ."

"ಆಳು ಕಳಿಸಿರಬೇಕು!" ಎಂದ ಪರಸಪ್ಪ.

"ಬೆದರಿಕಿ ಹಾಕಿದವನ ಆಳಿನ ಜೋಡಿ ಮಾಸ್ತರರು ಕೋಟಿ ಹಿಂದ ಯಾಕ ಹೋದಾರು? ಒಂದು ಮೀಟಿಂಗೂ ತಪ್ಪಿಸದವರು ಅಂದು ತಪ್ಪಿಸಿದ್ರು. ಯಾಕಂದ್ರ ತಾವು ನಂಬಿದವ ಒಬ್ಬ, ಅಲ್ಲಿಗೆ ಬರ್ರಿ, ನನ್ನ ಮಾತು ಹೇಳ್ತೇನಿ ಅಂದಿದ್ದ. ಅಂವ ಯಾರು? ಎರಡನೇ ಮನುಷ್ಯ. ಈ ಬಾವಿ ಮಾತು ಮಲಕಾಜಪ್ಪಗಿಂತ ಮೊದಲೂ ಒಮ್ಮೆ ಮೀಟಿಂಗಿಗೆ ಬಂದಿತ್ತು. ಆವಾಗ ಮೆಂಬರ ಇದ್ದ ಮುನವಳ್ಳಿ ಹಿರೇರು ಮಾಸ್ತರಗೂ ಹೇಳಿದ್ರು, ನನಗೂ ಹೇಳಿದ್ರು. ಅಂದು ಮೆಂಬರಾಗಿ ಕೈ ಎತ್ತದ ಕುಂತವರಾಗ ನೀನೂ ಒಬ್ಬ, ಪರಸಪ್ಪ."

ಅಂಗಳದಲ್ಲಿದ್ದ ಭರಮಪ್ಪ ತಲೆ ಎತ್ತಿದ.

"ನಾ ಉಗರಗೋಳದಾಗ ಇದ್ನಿ! ಮಳಿಗೆ ಮೊದಲ ಮುಟ್ಟಿದ್ನಿ!"

ಉಳವಪ್ಪನವರು ಗಂಟು ಬಿಚ್ಚಿದರು. ಒಳಗೆ ಸಣ್ಣನೂಲಿನ ಧೋತರ, ಅಂಚಿನವರೆಗೂ ಎರೆಮಣ್ಣಿನ ಕಲೆ. ಅದು ನನ್ನ ಅಂಗಡಿಯದೇ.

"ನಿನ್ನ ತಂಗಿ ಬಾಯವ್ವ ಕಪಟ ತಿಳಿಯದ ಹೆಣ್ಮಗಳು. ಅಣ್ಣ ಕತ್ತಲಾದ ಮ್ಯಾಲ ತೊಯ್ದು ತೊಪ್ಪಿಯಾಗಿ ಬಂದ, ನಮ್ಮ ಮನ್ಯಾವರ ಧೋತರ ಉಡಾಕ ಕೊಟ್ನಿ ಅಂದ್ಲು. ಮಳಿಗೆ ಮೊದಲ ಮುಟ್ಟಿದಾಂವ ದಾರ್ಯಾಗ ಹೆಂಗ ತೊಯ್ದ? ತೊಯ್ದದ್ದು ತಪ್ಪಲ್ಲ. ಅದನ್ನ ಯಾಕ ಮುಚ್ಚಿದಿ?"

ಪರಸಪ್ಪ ಸುಂದರವ್ವನ ಕಡೆ ನೋಡಿದ.

"ಕೈಮುಗಿದು ಕೇಳ್ಕೊಂಡ್ನಿರಿ, ಅಕ್ಕಾರ. ಚುನಾವಣಿ ಮುಗಿಯೂತನಕ ಸುಮ್ಮನಿರ್ರಿ, ಆರಿಸಿ ಬಂದು ಬಾವಿ ತೋಡಸ್ತೇನಿ ಅಂದ್ನಿ. ನೀ ಬದಲಾದದ್ದೂ ಹೇಳ್ತೇನಿ, ಮೊದಲ ಕೈ ಎತ್ತದ ಇದ್ದದ್ದೂ ಹೇಳ್ತೇನಿ ಅಂದು ಬೆನ್ನು ತಿರುವಿದ್ರು. ಸಿಟ್ಟು ತಡೀಲಿಲ್ಲ. ಕಲ್ಲು ಕೈಯಾಗ ಹೆಂಗ ಬಂತೋ... ಬಾವಿ ಖರೇನ ತೋಡಸ್ತಿದ್ನಿರಿ."

"ಅವರು ಹೇಳಿದ ಮ್ಯಾಲೂ ತೋಡಸಬಹುದಿತ್ತಲ್ಲ," ಎಂದಳು ಸುಂದರವ್ವ.

ಆಗಲೇ ಅವಳಿಗೆ ಅಳು ಬಂದದ್ದು.

ಪರಸಪ್ಪ ಜೇಲು ಸೇರಿದ. ಬೇರೆ ಯಾರೂ ನಿಲ್ಲದೆ ಮಲಕಾಜಪ್ಪ ಅವಿರೋಧವಾಗಿ ಆರಿಸಿ ಬಂದ. ಕೊರಳಿನ ಹಾರ ತೆಗೆಯದೆ, ಒಂದು ಶಾಲು ಹಿಡಿದು ಉಳವಪ್ಪನವರ ಮನೆಗೆ ಬಂದ.

"ನಿಮ್ಮ ಉಪಕಾರ ಮರಿಯೂದಿಲ್ಲರಿ, ಸಾಹೇಬ್ರ. ನೀವು ಇರಲಿಲ್ಲಂದ್ರ ನಾ ಇಂದು ಜೇಲಿನ್ಯಾಗ ಇರತಿದ್ನಿ."

ಉಳವಪ್ಪನವರು ಶಾಲು ಮುಟ್ಟಲಿಲ್ಲ. "ಬಾವಿ ಏನು ಮಾಡ್ತೀರಿ?"

ಮಲಕಾಜಪ್ಪ ನಕ್ಕ. ಆ ನಗೆಯಲ್ಲಿ ಸಿಟ್ಟು ಕೂಡ ಇರಲಿಲ್ಲ.

"ಬಾವಿ ಮಾತು ತಗದಾವ್ರು ಇಬ್ಬರು. ಒಬ್ಬರು ಸತ್ರು, ಒಬ್ಬ ಒಳಗ ಹ್ವಾದ. ಇನ್ನ ಕೇಳಾವ್ರು ಯಾರರಿ?"

ಅವನು ಹೋದ ಮೇಲೆ ಉಳವಪ್ಪನವರು ಎದ್ದು ಬಾಗಿಲು ಹಾಕಿದರು.

"ನಾ ಹಿಡಿದದ್ದು ಒಬ್ಬನ್ನ ಅಷ್ಟ, ಶಟ್ಟೆಪ್ಪ," ಎಂದರು.

ಆ ಬೇಸಗೆ, ಹಳ್ಳದ ನೀರನ್ನೇ ಕುಡಿಯುತ್ತಿದ್ದ ಕೆಳಗಿನ ಕೇರಿಯಲ್ಲಿ ಕಾಲರಾ ಬಂತು. ಭರಮಪ್ಪನ ಹೆಂಡತಿ ಕೆಂಪವ್ವ ಮೊದಲು ಹೋದಳು.