ಬಾಯಿ ಹೊಲಿದ ದಿಂಬುಗಳು

"ದಿಂಬಿನಮ್ಮಂಗೆ ದುಡ್ಡು ಕೊಡೋವರೆಗೂ ದಿಂಬಿನ ಬಾಯಿ ಹೊಲೀಬೇಡಿ ಅಳಿಯಂದ್ರೇ," ಎಂದರು ಅತ್ತೆ.

ಲಾಡ್ಜಿನ ಗಲ್ಲಾದಲ್ಲಿ ಹೊಸದಾಗಿ ಕೂತಿದ್ದ ಅಳಿಯ ನಕ್ಕುಬಿಟ್ಟ. "ಬಾಯಿ ಇದೆ ಅಂದ್ರೆ ತಿಂಡಿನೂ ಕೇಳುತ್ತಾ ಅತ್ತೆ?"

ಅತ್ತೆ ನಗಲಿಲ್ಲ. ಲಾಡ್ಜಿಗೆ ದಿಂಬು ಮಾಡಿಕೊಡುತ್ತಿದ್ದ ದಿಂಬಿನಮ್ಮನ ಪದ್ಧತಿಯೇ ಹಾಗಿತ್ತು. ದಿಂಬು ತುಂಬಿ ತರುವಾಗ ಒಂದು ಅಂಚಿನಲ್ಲಿ ಅಂಗೈ ಅಗಲದ ಬಾಯಿ ಬಿಟ್ಟಿರುತ್ತಿದ್ದಳು. ಹಣ ಕೈಸೇರಿದ ಮೇಲೆ ತಾನೇ ಬಂದು, ತುಟಿಯೊಳಗೇ ಏನೋ ಹೇಳಿಕೊಳ್ಳುತ್ತ, ಹೊಲಿದು ಹೋಗುತ್ತಿದ್ದಳು. ಮಾವ ಬದುಕಿರುವವರೆಗೆ ಈ ಕರಾರು ಒಮ್ಮೆಯೂ ತಪ್ಪಿರಲಿಲ್ಲ.

ಅಳಿಯನಿಗೆ ಇದೆಲ್ಲ ಹುಚ್ಚಾಟವಾಗಿ ಕಂಡಿತು. ಅವಳು ತಂದ ಹೊಸ ದಿಂಬುಗಳ ಹತ್ತಿ ಗಂಟುಗಂಟಾಗಿದೆ ಎಂದು ನೆಪ ತೆಗೆದು ಹಣ ತಡೆದ. ದಿಂಬಿನಿಂದ ಉದುರಿದ ಹತ್ತಿ ಗಿರಾಕಿಗಳ ಕೂದಲಿಗೆ ಅಂಟತೊಡಗಿದಾಗ ದಬ್ಬಣ, ದಪ್ಪ ದಾರ ತರಿಸಿ, ತಾನೇ ಕೂತು ಎಲ್ಲವನ್ನೂ ಹೊಲಿದ. ಒಂದನ್ನು ಲಾಡ್ಜಿನ ಹಿಂಭಾಗದಲ್ಲಿದ್ದ ಮನೆಗೆ ಒಯ್ದು ಮಗಳ ಹಾಸಿಗೆಯ ಮೇಲಿಟ್ಟ.

ದಿಂಬಿನಮ್ಮ ಬಾಕಿ ಕೇಳಲು ಬಂದಳು. ಕುರ್ಚಿಯ ಮೇಲಿದ್ದ ದಿಂಬಿನ ಹೊಲಿಗೆಯನ್ನು ಬೆರಳಿನಿಂದ ತಡವಿದಳು.

"ಯಾರು ಹೊಲಿದಿದ್ದು?"

"ನಾನೇ. ಯಾಕೆ, ಕೂಲಿ ಕೊಡ್ತೀರೇನಮ್ಮಾ?"

"ನನ್ನ ಕೈಯಿಂದ ಮಂತ್ರದ ಕಟ್ಟು ಬೀಳದೆ ಬಾಯಿ ಮುಚ್ಚಿದ್ರೆ ಅದು ತಿನ್ನುತ್ತೆ ಸ್ವಾಮಿ. ತಲೆ ಇಟ್ಟೋರ ಮಾತು ತಿನ್ನುತ್ತೆ."

"ಹಂಗಾದ್ರೆ ಮೊದಲು ನೀವೇ ಒಂದು ಗಳಿಗೆ ಮಲಗಿ," ಎಂದ ಅವನು. ಕೆಲಸದವರೆಲ್ಲ ನಕ್ಕರು. ಅವಳು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಬರಬರುತ್ತ ದಿಂಬುಗಳಿಂದ ನಾತ ಏಳತೊಡಗಿತು. ಹತ್ತಿಯದಲ್ಲ; ನಿದ್ದೆಯಿಂದೆದ್ದು ಇನ್ನೂ ತೊಳೆಯದ ಬಾಯಿಯದು. ಗಿರಾಕಿಗಳು ಗಂಟಲು ಹಿಡಿದುಕೊಂಡು ಕೆಳಗಿಳಿದು, ಕೈಸನ್ನೆಯಲ್ಲೇ ಲೆಕ್ಕ ಮುಗಿಸಿ ಹೋಗುತ್ತಿದ್ದರು. ಹವೆ ಬದಲಾಗಿದೆ, ಶೀತ ಹಿಡಿದಿರಬೇಕು ಎಂದುಕೊಂಡ ಅಳಿಯ.

ಒಂದು ಮಧ್ಯಾಹ್ನ ಮಗಳು ಮಲಗಿ ಎದ್ದು ಬಾಯಿ ತೆರೆದಳು. ಅಳುತ್ತಿದ್ದಳು. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಸದ್ದು ಮಾತ್ರ ಇರಲಿಲ್ಲ. ಮನೆಯವರೆಲ್ಲ 'ಗಿಲಕಿ' ಎಂದೇ ಕರೆಯುವ ಮಗು, ಊಟದ ತುತ್ತಿನ ನಡುವೆಯೂ ವಟಗುಟ್ಟುವ ಮಗು, ಮೀನಿನಂತೆ ಬರೀ ತುಟಿ ಆಡಿಸುತ್ತಿತ್ತು.

ಅವನು ಗಲ್ಲಾದಲ್ಲಿದ್ದುದನ್ನೆಲ್ಲ ಬಾಚಿಕೊಂಡು ದಿಂಬಿನಮ್ಮನ ಮನೆಗೆ ಓಡಿದ. ಅವಳು ತೆಗೆದುಕೊಂಡಳು. ಎಣಿಸಲಿಲ್ಲ.

"ನನ್ನ ಹೊಲಿಗೆ ಆಗಿದ್ರೆ ನಾನೇ ಬಂದು ಬಿಚ್ತಿದ್ದೆ. ನಿಮ್ಮದನ್ನ ನೀವೇ ಬಿಚ್ಚಬೇಕು. ಮಗೂನ ಎದೆಗೆ ಅವಚಿಕೊಂಡು ಬಿಚ್ಚಿ. ಒಳಗಿರೋ ಮಾತು ಹತ್ತಿರದ ಖಾಲಿ ಬಾಯಿಗೆ ಹೋಗುತ್ತೆ. ಒಂದು ಸಲ ಹೊಕ್ಕಿದ್ದು ಮತ್ತೆ ಹೊರಗೆ ಬರಲ್ಲ. ಅವಳ ದಿಂಬನ್ನೇ ಬಿಚ್ಚಿ. ತಿಳೀತಾ?"

ಮನೆಗೆ ಬಂದರೆ ಹಾಸಿಗೆಯ ಮೇಲೆ ದಿಂಬಿಲ್ಲ.

"ನಾತ ಹೊಡೀತಿತ್ತು ಕಣ್ರೀ," ಎಂದಳು ಹೆಂಡತಿ. "ಲಾಡ್ಜಿನ ದಿಂಬುಗಳ ಜೊತೆ ಅದನ್ನೂ ಉಗ್ರಾಣಕ್ಕೆ ಹಾಕಿಸ್ದೆ."

ಮಗಳನ್ನು ಎತ್ತಿಕೊಂಡು ಉಗ್ರಾಣಕ್ಕೆ ನುಗ್ಗಿದ. ಕಿಟಕಿಯಿಲ್ಲದ ಕೋಣೆ. ಸೂರಿನವರೆಗೆ ದಿಂಬುಗಳ ರಾಶಿ. ಎಲ್ಲಕ್ಕೂ ಒಂದೇ ಗೀರುಗೀರಿನ ಬಟ್ಟೆ. ಎಲ್ಲದರ ಮೇಲೂ ಅವನದೇ ಸೊಟ್ಟ ಹೊಲಿಗೆ. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕರೆಂಟು ಹೋಯಿತು.

ಕತ್ತಲಲ್ಲಿ ರಾಶಿ ಉಸಿರಾಡುತ್ತಿತ್ತು.

ಯಾರೋ ಗೊಣಗಿದರು. ಯಾರೋ ಹಲ್ಲು ಕಡಿದರು. ಯಾವಳೋ ಹೆಂಗಸು ಹೆಸರು ಹಿಡಿದು ಯಾರನ್ನೋ ಬೈಯುತ್ತಿದ್ದಳು.

"ಅಪ್ಪಾ."

ಎಡಗಡೆಯಿಂದ. ಕೈಗೆ ಸಿಕ್ಕ ದಿಂಬನ್ನು ಬಾಚಿ ಹಿಡಿದ.

"ಅಪ್ಪಾ." ಈಗ ಬಲಗಡೆಯಿಂದ. ಮೂಲೆಯಿಂದ. ಕಾಲ ಬುಡದಿಂದ. ಇಲ್ಲಿ ಮಲಗಿದ್ದವರಲ್ಲಿ ಎಷ್ಟು ಜನ ನಿದ್ದೆಗಣ್ಣಲ್ಲಿ ತಂತಮ್ಮ ಅಪ್ಪಂದಿರನ್ನು ಕರೆದಿದ್ದರೋ. ಪಿಸುದನಿಯಲ್ಲಿ ಎಲ್ಲವೂ ಒಂದೇ. ಮಗಳ ಉಗುರು ಅವನ ಕುತ್ತಿಗೆಗೆ ನಾಟಿತು. ಬೆವರಿಗೆ ಕೈ ಜಾರುತ್ತಿತ್ತು. ಒಂದು ದಿಂಬು ಬೆಚ್ಚಗಿತ್ತು. ಸಣ್ಣಗೆ ಬಿಕ್ಕುತ್ತಿತ್ತು. ಇದೇ. ಇದೇ ಇರಬೇಕು. ಹಲ್ಲಿನಿಂದ ದಾರ ಕಚ್ಚಿದ. ಎಳೆದ. ಹರಿಯಿತು. ಬಿಸಿಯುಸಿರೊಂದು ಅವನ ಕೆನ್ನೆ ಸವರಿಕೊಂಡು ಹೋಯಿತು.

ಕರೆಂಟು ಬಂತು.

ಮಗಳು ಕೆಮ್ಮಿದಳು. ದಮ್ಮು ಹತ್ತಿದ ಮುದುಕನ ಕೆಮ್ಮು.

"ಅಪ್ಪಾ," ಎಂದಳು ಒಡೆದ ಗಂಡುದನಿಯಲ್ಲಿ, "ನನ್ನ ಬಸ್ಸು ಹೊರಟೋಯ್ತಾ?"

ಆಮೇಲೆ ಆ ಬಾಯಿಯನ್ನು ಎರಡೂ ಪುಟ್ಟ ಕೈಗಳಿಂದ ಒತ್ತಿ ಮುಚ್ಚಿಕೊಂಡಳು. ಕಣ್ಣು ಅವಳವೇ. ಹೆದರಿ ಅವನನ್ನೇ ನೋಡುತ್ತಿದ್ದವು.

ರಾಶಿಯ ತಳದಿಂದ, ತೀರಾ ತೆಳ್ಳಗೆ, ಈಗ ಅನುಮಾನಕ್ಕೆ ಎಡೆಯೇ ಇಲ್ಲದಂತೆ, ಗಿಲಕಿಯ ದನಿ ಕೇಳಿಸಿತು.

"ಎಷ್ಟು ಕತ್ಲೆ ಇಲ್ಲಿ. ಲೈಟ್ ಹಾಕಪ್ಪಾ."

ದೀಪ ಉರಿಯುತ್ತಲೇ ಇತ್ತು.