ದೊಡ್ಡ ಡಬ್ಬಿಯ ಗಿರಾಕಿ

ಬುಧವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಇಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಮುಂದಿದ್ದವನು ಊರಿನ ಅತಿ ದೊಡ್ಡ ಅಂಗಡಿಯ ಮ್ಯಾನೇಜರ್. ಅವನಿಗೆ ಠಾಣೆಗೆ ಬರಲು ಸುತರಾಂ ಇಷ್ಟವಿರಲಿಲ್ಲವೆಂದು ನಡಿಗೆಯೇ ಹೇಳುತ್ತಿತ್ತು. ಹಿಂದಿದ್ದಾಕೆ ಅದೇ ಅಂಗಡಿಯಲ್ಲಿ ಮಕ್ಕಳ ಸಾಮಾನಿನ ಸಾಲು ನೋಡಿಕೊಳ್ಳುವ, ಐವತ್ತು ದಾಟಿದ ಹೆಂಗಸು. ಹದಿನೆಂಟು ವರ್ಷದಿಂದ ಹಾಲಿನ ಪುಡಿಯ ಡಬ್ಬಿಗಳ ನಡುವೆಯೇ ನಿಂತವಳಾದ್ದರಿಂದ ಅಂಗಡಿಯವರೆಲ್ಲ ಆಕೆಯನ್ನು ಡಬ್ಬಿ ಅಕ್ಕ ಎನ್ನುತ್ತಿದ್ದರು. ಆಕೆಯ ಕೈಲಿ ಪ್ಲಾಸ್ಟಿಕ್ ಚೀಲ, ಅದರೊಳಗೊಂದು ಚಿಕ್ಕ ಡಬ್ಬಿ.

ಇನ್‌ಸ್ಪೆಕ್ಟರ್ ಮುಚ್ಚಳ ತೆಗೆದು ನೋಡಿದರು. ಒಳಗಿನ ಬೆಳ್ಳಿ ಹಾಳೆಯನ್ನು ಅಂಚಿನಲ್ಲಿ ಬಿಡಿಸಿ ಮತ್ತೆ ಅಂಟಿಸಿದ್ದರು. ಹಾಲಿನ ಪುಡಿಯಲ್ಲಿ ಅಲ್ಲಲ್ಲಿ ನೀಲಿ ಹರಳು. ಮೂಗಿನ ಹತ್ತಿರ ಹಿಡಿದರೆ ಬಟ್ಟೆ ಒಗೆಯುವ ಪುಡಿಯ ವಾಸನೆ ಗಪ್ಪೆಂದು ಹೊಡೆಯಿತು.

ಬೆಳಿಗ್ಗೆ ಸಾಲು ತಪಾಸಣೆ ಮಾಡುವಾಗ ಅಕ್ಕನ ಕಣ್ಣಿಗೆ ಇದು ಬಿತ್ತಂತೆ. ಮ್ಯಾನೇಜರ್ ಹೆಡ್ ಆಫೀಸಿಗೆ ತಿಳಿಸಿ ಅಲ್ಲಿಗೇ ಮುಗಿಸೋಣ ಎಂದನಂತೆ. ಈಕೆ ಜಪ್ಪಯ್ಯ ಅಂದರೂ ಕೇಳದೆ, ನೀವು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡಳಂತೆ.

"ಸರ್, ನಿನ್ನೆ ರಾತ್ರಿ ಒಂದು ದೊಡ್ಡ ಡಬ್ಬಿ ಹೋಗಿದೆ. ಬಿಲ್ ಇದೆ, ಗಿರಾಕಿ ಯಾರು ಅಂತ ಗೊತ್ತಿಲ್ಲ. ಮೊದಲು ಅದನ್ನ ಹುಡುಕಿಸಿ," ಎಂದಳು ಅಕ್ಕ. ಆಕೆಯ ತುಟಿ ಒಣಗಿ ಬಿಳಿಚಿಕೊಂಡಿತ್ತು.

ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಅಂಗಡಿಯಲ್ಲಿ ಪಂಚನಾಮೆ ಶುರು. ಸಾಲಿನಲ್ಲಿ ಉಳಿದ ಡಬ್ಬಿಗಳನ್ನೆಲ್ಲ ಇಳಿಸಿ ಹಾಳೆ ಪರೀಕ್ಷಿಸಿದರು, ಎಲ್ಲವೂ ಸರಿಯಾಗಿದ್ದವು. ಹಿಂದಿನ ದಿನ ಮಾರಾಟವಾದ ಚಿಕ್ಕ ಡಬ್ಬಿಗಳ ಬಿಲ್ಲಿನಲ್ಲಿ ಗಿರಾಕಿಗಳ ಫೋನ್ ನಂಬರ್ ಇತ್ತು. ಒಬ್ಬ ಕಾನ್‌ಸ್ಟೆಬಲ್ ಎಲ್ಲರಿಗೂ ಫೋನ್ ಮಾಡಿದ. ಅವರ ಡಬ್ಬಿಗಳಲ್ಲೂ ಏನೂ ಇರಲಿಲ್ಲ. ಉಳಿದದ್ದು ಆ ಒಂದು ದೊಡ್ಡ ಡಬ್ಬಿ. ರಾತ್ರಿ ಎಂಟೂ ನಲವತ್ತಕ್ಕೆ, ಅಂಗಡಿ ಮುಚ್ಚುವ ಮೊದಲು, ನಗದು ಕೊಟ್ಟು ಯಾರೋ ಕೊಂಡಿದ್ದರು. ಫೋನ್ ನಂಬರ್ ಕೊಟ್ಟಿರಲಿಲ್ಲ. ಅದು ಯಾವುದೋ ಮನೆಯಲ್ಲಿತ್ತು, ಆ ಮನೆಯಲ್ಲೊಂದು ಮಗು ಇತ್ತು. ಆಸ್ಪತ್ರೆಗಳಿಗೆಲ್ಲ ಸುದ್ದಿ ಹೋಗಿತ್ತು. ಠಾಣೆಯಿಂದ ಫೋನ್ ಬಂದಾಗಲೆಲ್ಲ ಇನ್‌ಸ್ಪೆಕ್ಟರ್ ಮೊದಲು, ಆಸ್ಪತ್ರೆಯ ಸುದ್ದಿಯಾ ಎಂದು ಕೇಳುತ್ತಿದ್ದರು.

ಮ್ಯಾನೇಜರ್ ಮಾತ್ರ ಧೈರ್ಯವಾಗಿದ್ದ. ಅವನ ಬಳಿ ಚಾರ್ಟ್ ಇತ್ತು. ಯಾವ ವಯಸ್ಸಿನವರು, ಯಾವ ವಾರ, ಏನನ್ನು, ಎಷ್ಟಕ್ಕೆ ಕೊಳ್ಳುತ್ತಾರೆ ಎಂಬುದನ್ನು ಮೂರು ವರ್ಷದ ಬಿಲ್ಲುಗಳಿಂದ ಹಿಂಡಿ ತೆಗೆದದ್ದು. ಅಂಗಡಿಯ ತನ್ನ ಕೋಣೆಯಲ್ಲಿ ಕಂಪ್ಯೂಟರಿನ ಪರದೆಯನ್ನು ಇನ್‌ಸ್ಪೆಕ್ಟರ್ ಕಡೆ ತಿರುಗಿಸಿ, ಕನ್ಯೆ ತೋರಿಸುವ ದಲ್ಲಾಳಿಯ ಉತ್ಸಾಹದಲ್ಲಿ ವಿವರಿಸಿದ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು ಗಾಡಿ ತುಂಬಿಸಿಕೊಳ್ಳುವವರು ಒಂದು ಕಾಲಂ. ವಾರಕ್ಕೊಮ್ಮೆ ಚೀಲ ಹಿಡಿದು ಬರುವವರು ಇನ್ನೊಂದು. ತಂಪು ಗಾಳಿ ಕುಡಿದು ಬರಿಗೈಲಿ ಹೋಗುವವರು ಮತ್ತೊಂದು. ಆರು ತಿಂಗಳು ದಾಟಿದ ಮಕ್ಕಳಿಗೆ ಕೊಡುವ ದುಬಾರಿ ದೊಡ್ಡ ಡಬ್ಬಿ ಮೊದಲನೆಯ ಕಾಲಮ್ಮಿನವರದ್ದು: ಮೂವತ್ತರ ಆಸುಪಾಸು, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ತಿಂಗಳ ಮೊದಲ ಶನಿವಾರ, ಕಾರ್ಡಿನಲ್ಲಿ ಪಾವತಿ.

"ನಿನ್ನೆ ಮಂಗಳವಾರ, ತಾರೀಖು ಹದಿನೇಳು. ಕೊಟ್ಟಿದ್ದು ನಗದು," ಎಂದರು ಇನ್‌ಸ್ಪೆಕ್ಟರ್.

ಕಾರ್ಡ್ ಮರೆತು ಬಂದಿರಬೇಕು, ಆದರೆ ಜನ ಅದೇ ಜನ, ಹಿಂದಿನ ಬೀದಿಯ ಅಪಾರ್ಟ್‌ಮೆಂಟುಗಳವರು ಎಂದ ಮ್ಯಾನೇಜರ್. ಬೇರೆ ದಾರಿಯೂ ಕಾಣಲಿಲ್ಲ. ಎರಡು ಜೀಪು ಧ್ವನಿವರ್ಧಕ ಕಟ್ಟಿಕೊಂಡು ಅತ್ತ ಹೋದವು. ಹಳೆಯ ಗಿರಾಕಿಗಳಿಗೆಲ್ಲ ಮೆಸೇಜ್ ಹೋಯಿತು. ಪೊಲೀಸರು ಒಂದೊಂದೇ ಬಾಗಿಲು ತಟ್ಟಿದರು.

ಠಾಣೆಯ ದಫೇದಾರ್ ಚಾರ್ಟನ್ನು ಬಗ್ಗಿ ನೋಡಿ ಮೀಸೆ ಕೆರೆದುಕೊಂಡ. ನಿವೃತ್ತಿಗೆ ಹತ್ತಿರವಾದ ಆಸಾಮಿ, ಎಂಥ ಹೊತ್ತಿನಲ್ಲೂ ನಾಲಿಗೆ ಸುಮ್ಮನಿರದು. "ಸಾರ್, ನಮ್ಮನೆಯವಳು ಏನು ತಾ ಅಂತಾಳೋ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ತರೋನು ನಾನು. ಇದರಲ್ಲಿ ನಾನು ಯಾವ ಕಾಲಂ?"

ಯಾರೂ ನಗಲಿಲ್ಲ. ಡಬ್ಬಿ ಅಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಐದು ನಿಮಿಷಕ್ಕೊಮ್ಮೆ ಎದ್ದು ಬಂದು, ದೊಡ್ಡ ಡಬ್ಬಿ ಸಿಕ್ಕಿತಾ ಎಂದು ಕೇಳುತ್ತಿದ್ದಳು. ಮನೆಗೆ ಹೋಗಿ ಮಲಗಮ್ಮ ಎಂದರೂ ಕದಲಲಿಲ್ಲ.

ಹನ್ನೊಂದೂವರೆಯ ಹೊತ್ತಿಗೆ ಅಪಾರ್ಟ್‌ಮೆಂಟುಗಳಲ್ಲಿ ಏನೂ ಸಿಕ್ಕಿರಲಿಲ್ಲ. ಇನ್‌ಸ್ಪೆಕ್ಟರಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಚಾರ್ಟನ್ನು ಕಟ್ಟಿಕೊಂಡು ಒಂದು ಗಂಟೆ ಹಾಳು ಮಾಡಿದ್ದರು. ಹೋಗಿ ಕ್ಯಾಮೆರಾ ಕೋಣೆಯಲ್ಲಿ ಕೂತರು. ಬಿಲ್ಲಿನ ಕೌಂಟರಿಗೆ ಗುರಿಯಿಟ್ಟ ಕ್ಯಾಮೆರಾದ ಮುಂದೆ ಯಾವ ಪುಣ್ಯಾತ್ಮನೋ ರಿಯಾಯಿತಿ ಮಾರಾಟದ ಬಲೂನು ಕಟ್ಟಿದ್ದ. ಗಿರಾಕಿಯ ಮುಖ ಬಲೂನಿನ ಹಿಂದೆ. ಕಂಡದ್ದು ಮೊಣಕಾಲಿನವರೆಗಿನ ರಬ್ಬರ್ ಬೂಟು, ಅದರಿಂದ ನೆಲದ ಮೇಲೆ ನೀರಿನ ಗುರುತು, ಕೌಂಟರಿನ ಮೇಲೆ ಸುರಿದ ಚಿಲ್ಲರೆ, ಡಬ್ಬಿ, ಅದರ ಪಕ್ಕದಲ್ಲಿ ಸುರುಳಿ ಸುತ್ತಿದ ಬಣ್ಣದ ಕಾಗದ.

ಇನ್‌ಸ್ಪೆಕ್ಟರ್ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. "ಅದು ಉಡುಗೊರೆ ಸುತ್ತೋ ಕಾಗದ. ತನ್ನ ಮಗುವಿಗೆ ಹಾಲಿನ ಪುಡಿ ತಗೊಳ್ಳೋನು ಬಣ್ಣದ ಕಾಗದ ತಗೊಳ್ತಾನೇನ್ರೀ?"

ಕೊಂಡವರ ಮನೆಯಲ್ಲಿ ಮಗುವೇ ಇಲ್ಲದಿರಬಹುದು. ಚಿಲ್ಲರೆ ನೋಡಿದರೆ ಹಲವರು ಸೇರಿ ಕೂಡಿಸಿದ ಹಾಗಿತ್ತು. ಚಾರ್ಟಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

"ರಾತ್ರಿ ಎಂಟೂವರೇಲಿ ಬೂಟಲ್ಲಿ ನೀರು ಸುರಿಸ್ಕೊಂಡು ಓಡಾಡೋರು ಯಾರಿದ್ದಾರೆ ಇಲ್ಲಿ?"

"ಬಸ್ ಡಿಪೋ ಸಾರ್," ಎಂದ ದಫೇದಾರ್. ಈ ಸಲ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಡಿಪೋ ಅಂಗಡಿಯಿಂದ ಎರಡೇ ಬೀದಿ ಆಚೆ. ಬಸ್ಸು ತೊಳೆಯುವವರ ಪಾಳಿ ಸಂಜೆಗೆ ಶುರುವಾಗುತ್ತಿತ್ತು.

ಡಿಪೋದಲ್ಲಿ ತೊಳೆಯುವವರ ಮೇಸ್ತ್ರಿ, ಗಟ್ಟಿ ಗಂಟಲಿನ ಹೆಂಗಸು, ಆಳು ಸಾಲದೆ ಹಗಲು ಪಾಳಿಗೂ ಉಳಿದಿದ್ದವಳು, ಪೈಪನ್ನು ಬಿಸಾಕಿ ಬಂದಳು. ಹೌದು, ತಂದದ್ದು ತಾನೇ. ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬನಿಗೆ ಒಂದೂವರೆ ತಿಂಗಳ ಕೆಳಗೆ ಮಗು ಹುಟ್ಟಿತ್ತು. ತಾಯಿಗೆ ಹಾಲು ಸಾಲುತ್ತಿರಲಿಲ್ಲ. ಹನ್ನೊಂದು ಜನ ಸೇರಿ ದುಡ್ಡು ಹಾಕಿದ್ದರು. ಕೊಡುವುದಾದರೆ ಒಳ್ಳೆಯದನ್ನೇ ಕೊಡೋಣ ಎಂದು ಸಾಲಿನಲ್ಲಿ ಎಲ್ಲಕ್ಕಿಂತ ದುಬಾರಿಯದನ್ನು ಆರಿಸಿದ್ದಳು. ಇಂದು ಬೆಳಗಿನ ಜಾವ ಪಾಳಿ ಮುಗಿದಾಗ ಕೈಗಿಟ್ಟಿದ್ದಳು.

"ಏನಾಗಿದೆ ಅದರಲ್ಲಿ?" ಎಂದು ಕೇಳಿದಳು. ಇನ್‌ಸ್ಪೆಕ್ಟರ್ ಹೇಳಿದರು. ಆಕೆ ಒದ್ದೆ ಕೈಯಲ್ಲೇ ಫೋನ್ ತೆಗೆದಳು. ಆ ಹುಡುಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ರಾತ್ರಿಯೆಲ್ಲ ದುಡಿದವನು, ಮಲಗಿದ್ದ. ಕೊನೆಗೆ ದಾರಿ ತೋರಿಸಲು ಮೇಸ್ತ್ರಿಯನ್ನೇ ಜೀಪಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಆಕೆ, ನನ್ನ ಕೈಯಾರೆ ಕೊಟ್ಟೆನಲ್ಲಪ್ಪಾ, ನನ್ನ ಕೈಯಾರೆ ಎನ್ನುತ್ತಲೇ ಇದ್ದಳು.

ಕಾಲುವೆಯ ಪಕ್ಕದ ಓಣಿಗೆ ಜೀಪು ಹೋಗುತ್ತಿರಲಿಲ್ಲ. ಇನ್‌ಸ್ಪೆಕ್ಟರ್, ದಫೇದಾರ್, ಮೇಸ್ತ್ರಿ ಮೂವರೂ ಓಡಿದರು. ದಫೇದಾರನ ಟೊಪ್ಪಿ ಎಲ್ಲೋ ಬಿತ್ತು. ಓಣಿಯ ಕೊನೆಯಲ್ಲಿ ಮಹಡಿ ಮೇಲಿನ ಒಂದೇ ಕೋಣೆಯ ಮನೆ, ಒಳಗಿಂದ ಮಗು ಚೀರುವ ಸದ್ದು. ಇನ್‌ಸ್ಪೆಕ್ಟರ್ ಬಾಗಿಲು ತಟ್ಟಲಿಲ್ಲ, ತಳ್ಳಿಕೊಂಡೇ ಒಳಗೆ ನುಗ್ಗಿದರು.

ತಾಯಿ ಸ್ಟವ್ ಪಕ್ಕ ಕೂತಿದ್ದಳು. ಕೈಯಲ್ಲಿ ಹಾಲು ಬೆರೆಸಿದ ಬಾಟಲಿ. ಬಾಗಿಲಲ್ಲಿ ಪೊಲೀಸರನ್ನು ಕಂಡು ಕಲ್ಲಾದಳು. ಮೂಲೆಯ ಚಾಪೆಯಿಂದ ಗಂಡ ಧಡಕ್ಕನೆ ಎದ್ದ. ಇನ್‌ಸ್ಪೆಕ್ಟರ್ ಬಾಟಲಿಯನ್ನು ಕಿತ್ತುಕೊಂಡು, "ಯಾವ ಪುಡಿ ಇದು? ಯಾವ ಡಬ್ಬೀದು?" ಎಂದು ಕೇಳಿದರು.

ಆಕೆ ಕೈ ತೋರಿಸಿದಳು. ಸ್ಟವ್ ಬಳಿ ಕತ್ತರಿಸಿ ಮಡಚಿದ ಅಗ್ಗದ ಪೊಟ್ಟಣ. ಮೇಲೆ ಹಲಗೆಯ ಮೇಲೆ, ಬಣ್ಣದ ಕಾಗದವನ್ನು ಅರ್ಧ ಮಾತ್ರ ಬಿಚ್ಚಿದ ದೊಡ್ಡ ಡಬ್ಬಿ. ಮುಚ್ಚಳ ಭದ್ರವಾಗಿತ್ತು.

"ಹಳೇದು ಮುಗೀಲಿ ಅಂತ ಇಟ್ಟೆ," ಎಂದಳು ತಾಯಿ, ತಪ್ಪು ಮಾಡಿದವಳ ಹಾಗೆ. "ಇದೇ ಕೊನೇ ಚಮಚ. ಮಧ್ಯಾಹ್ನಕ್ಕೆ ಅದನ್ನ ಒಡೀತಿದ್ದೆ."

ಮೇಸ್ತ್ರಿ ಮಗುವನ್ನು ಎತ್ತಿ ಎದೆಗವಚಿಕೊಂಡು ಗೋಳೋ ಎಂದು ಅತ್ತಳು. ದಫೇದಾರ್ ಗೋಡೆಗೆ ತಿರುಗಿ ನಿಂತ. ಇನ್‌ಸ್ಪೆಕ್ಟರ್ ಬಾಟಲಿಯನ್ನು ಒಂದು ಸಲ ಮೂಸಿ ನೋಡಿ ತಾಯಿಗೆ ಹಿಂದಿರುಗಿಸಿದರು. ಹನ್ನೆರಡೂ ಇಪ್ಪತ್ತಕ್ಕೆ ಡಬ್ಬಿಯನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡರು. ಹಾಳೆಯ ಅಂಚಿನಲ್ಲಿ ಅದೇ ಅಂಟು, ಪುಡಿಯಲ್ಲಿ ಅದೇ ನೀಲಿ ಹರಳು.

ಅಂಗಡಿಗೆ ಮರಳುವಾಗ ಇನ್‌ಸ್ಪೆಕ್ಟರ್ ಬೆಳಗಿನದನ್ನೆಲ್ಲ ಮತ್ತೊಮ್ಮೆ ನೆನೆದರು. ತಲೆಯಲ್ಲೊಂದು ಮುಳ್ಳು ಬೆಳಗಿನಿಂದ ಚುಚ್ಚುತ್ತಿತ್ತು, ಈಗ ಅದು ಕೈಗೆ ಸಿಕ್ಕಿತ್ತು. ಬೆಳಿಗ್ಗೆ ಅಕ್ಕನಿಗೆ ಸಿಕ್ಕ ಡಬ್ಬಿ ಚಿಕ್ಕದು. ನಿನ್ನೆ ಚಿಕ್ಕ ಡಬ್ಬಿಗಳೂ ಮಾರಾಟವಾಗಿದ್ದವು. ಹೆದರಿದವರು ಮೊದಲು ಅಂಥದ್ದೇ ಇನ್ನೊಂದನ್ನು ಹುಡುಕುತ್ತಾರೆ. ಅಕ್ಕ ಮಾತ್ರ ಚಿಕ್ಕ ಡಬ್ಬಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಠಾಣೆಗೆ ಕಾಲಿಟ್ಟ ಗಳಿಗೆಯಿಂದ ಆಕೆಯ ಬಾಯಲ್ಲಿ ದೊಡ್ಡ ಡಬ್ಬಿ, ದೊಡ್ಡ ಡಬ್ಬಿ. ಮಂಗಳವಾರ ಸಂಜೆಯ ಕ್ಯಾಮೆರಾ ಚಿತ್ರ ತರಿಸಿ ನೋಡಿದರು. ಆ ಸಾಲಿನ ಮುಂದೆ ಹೆಚ್ಚು ಹೊತ್ತು ನಿಂತವಳು ಒಬ್ಬಳೇ. ದಿನವೂ ನಿಲ್ಲುವವಳಾದ್ದರಿಂದ ಯಾರಿಗೂ ಅದು ವಿಶೇಷವೆನಿಸಿರಲಿಲ್ಲ. ಏಳೂವರೆಗೆ ಕೈಚೀಲದಿಂದ ಎರಡು ಡಬ್ಬಿ ತೆಗೆದು ಸಾಲಿನಲ್ಲಿಟ್ಟಿದ್ದಳು. ಆಕೆಯ ಕಪಾಟಿನಲ್ಲಿ ಅಂಟಿನ ಟ್ಯೂಬ್ ಸಿಕ್ಕಿತು.

ಇನ್‌ಸ್ಪೆಕ್ಟರ್ ಆಕೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. "ಡಬ್ಬಿ ಸಿಕ್ತು. ಮಗುವಿಗೇನೂ ಆಗಿಲ್ಲ. ಅವರ ಹಳೇ ಪುಡಿ ಈಗ ಮುಗೀತು, ಮಧ್ಯಾಹ್ನಕ್ಕೆ ಇದನ್ನ ಒಡೀತಿದ್ರು."

ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಯಾಕಮ್ಮ?"

ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಳು. ಮುಂದಿನ ತಿಂಗಳಿಂದ ಸಾಲು ತಪಾಸಣೆಯವರನ್ನೆಲ್ಲ ತೆಗೆಯುತ್ತಾರೆ ಎಂದು ಮ್ಯಾನೇಜರ್ ಹೇಳಿದ್ದ. ಯಾವ ಮಾಲು ಯಾವಾಗ ಹೋಗುತ್ತದೆಂದು ಚಾರ್ಟ್ ಹೇಳುತ್ತದೆ, ಮಿಕ್ಕಿದ್ದನ್ನು ಕ್ಯಾಮೆರಾ ನೋಡುತ್ತದೆ, ನಿಂತು ನೋಡಲು ಮನುಷ್ಯರು ಯಾಕೆ ಎಂದಿದ್ದ. ಹದಿನೆಂಟು ವರ್ಷ ನಿಂತು ಮೊಣಕಾಲು ಸವೆಸಿದವಳಿಗೆ ಅದು ಕರುಳಿಗೆ ಇರಿದ ಹಾಗಾಯಿತು. ಕ್ಯಾಮೆರಾಕ್ಕೆ ಕಾಣದ್ದು ತನ್ನ ಕಣ್ಣಿಗೆ ಕಾಣುತ್ತದೆ ಎಂದು ತೋರಿಸಬೇಕಿತ್ತು. ರಾತ್ರಿ ಇಟ್ಟು ಬೆಳಿಗ್ಗೆ ತಾನೇ ಕಂಡುಹಿಡಿಯುವುದು. ಒಂದೇ ಆದರೆ ಕಾರ್ಖಾನೆಯ ತಪ್ಪೆನ್ನುತ್ತಾರೆಂದು ಎರಡು ಇಟ್ಟಳು. ಚಿಕ್ಕದನ್ನು ಸಾಲಿನ ಹಿಂಬದಿಗೆ ತಳ್ಳಿದ್ದಳು. ದೊಡ್ಡದನ್ನು ತಳ್ಳಬೇಕು ಅನ್ನಿಸಲೇ ಇಲ್ಲ.

"ತಿಂಗಳ ಮಧ್ಯ ಮಂಗಳವಾರ ರಾತ್ರಿ ಅದನ್ನ ಯಾರೂ ಮುಟ್ಟಲ್ಲ ಸರ್," ಎಂದಳು. "ಚಾರ್ಟಲ್ಲೇ ಹಾಗಿದೆ. ನಾನೂ ಅದನ್ನೇ ನಂಬಿಬಿಟ್ಟೆ."

ಎರಡೂ ಹತ್ತಕ್ಕೆ ಆಕೆಯನ್ನು ಬಂಧಿಸಿದರು. ಮ್ಯಾನೇಜರ್ ಕಂಪ್ಯೂಟರಿನ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಬಾಗಿಲ ಬಳಿ ಅಕ್ಕ ನಿಂತಳು.

"ಮಗುವಿಗೆ ಎಷ್ಟು ತಿಂಗಳು?"

"ಒಂದೂವರೆ."

"ಹಾಗಾದರೆ ಆ ದೊಡ್ಡ ಡಬ್ಬಿ ಅದಕ್ಕೆ ಆಗೋದೇ ಇಲ್ಲ ಸರ್. ನಾನು ಅಲ್ಲಿದ್ದಿದ್ದರೆ ಹೇಳ್ತಿದ್ದೆ. ಒಂದನೇ ನಂಬರಿಂದು ಕೊಡಬೇಕು, ಎಡಗಡೆ ಕೆಳಗಿನ ಸಾಲಲ್ಲಿರುತ್ತೆ. ಯಾರಾದ್ರೂ ತಗೊಂಡು ಹೋಗಿ ಕೊಡಿ, ಅವರ ಪುಡಿ ಮುಗಿದಿದೆ ಅಂದ್ರಲ್ಲ."

ಜೀಪು ಹೋದ ಮೇಲೆ ದಫೇದಾರ್ ತಲೆಯ ಮೇಲೆ ಟೊಪ್ಪಿಯಿಲ್ಲದೆ ಮಕ್ಕಳ ಸಾಲಿಗೆ ಬಂದ. ಎಡಗಡೆ ಕೆಳಗೆ ಬಗ್ಗಿ ಒಂದನೇ ನಂಬರಿನ ಡಬ್ಬಿ ತೆಗೆದ. ಅದಕ್ಕೆ ದುಡ್ಡು ಕೊಡುವ ಮೊದಲು ಮುಚ್ಚಳ ಬಿಚ್ಚಿ, ಬೆಳ್ಳಿ ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿ ನೋಡಿದ. ಸರಿಯಿದೆಯೇ ಎಂದು ಯಾರನ್ನಾದರೂ ಕೇಳೋಣವೆಂದು ತಲೆಯೆತ್ತಿದ. ಆ ಸಾಲಿನಲ್ಲಿ ಯಾರೂ ಇರಲಿಲ್ಲ.