ಅಕ್ಕ ಹೊರಗೆ ಬಂದಳು

"ಒಂದೇ ಒಂದು ಮಾತಮ್ಮ. ‘ಅಕ್ಕ ಹೊರಗೆ ಬಂದಳು’ ಅಂತ ಹೇಳಿಬಿಡಿ, ಮುಗೀತು," ಎಂದು ಅಳಿಯ ಮತ್ತೊಮ್ಮೆ ಬೇಡಿಕೊಂಡ. ಮೈಕಿನ ಮುಂದೆ ಕೂತಿದ್ದ ಮುದುಕಿ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಗೋಡೆಗಳಿಗೆಲ್ಲ ದಪ್ಪ ಕಂಬಳಿ ಹೊಡೆದ, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಉಸಿರಾಟದ ಸದ್ದೂ ದೊಡ್ಡದಾಗಿ ಕೇಳುತ್ತಿತ್ತು. ಕಾಲ ಬಳಿ ಕುಳಿತಿದ್ದ ಮಗಳಿಗೆ ತಲೆಯೆತ್ತುವ ಧೈರ್ಯವಿರಲಿಲ್ಲ. ಅವ್ವನನ್ನು ಬೆಟ್ಟದಿಂದ ಇಲ್ಲಿಗೆ ಕರೆತಂದವಳು ಅವಳೇ ಅಲ್ಲವೇ!

ಬೆಟ್ಟದ ಜನರ ಹುಡುಗಿ ಅವಳು. ಚಿತ್ರಕಲೆ ಕಲಿಯಲು ಪಟ್ಟಣಕ್ಕಿಳಿದು, ಜೊತೆಗೆ ಓದಿದವನ ಕೈಹಿಡಿದು ಈ ಮನೆ ಸೇರಿ, ಒಂದು ಹೆಣ್ಣುಮಗುವಿನ ತಾಯಿಯೂ ಆಗಿದ್ದಳು. ಮನೆಯ ಮುಂಭಾಗದಲ್ಲೇ ಗಂಡನ ಅನಿಮೇಷನ್ ಸ್ಟುಡಿಯೋ. ಸೊಸೆ ಎಲ್ಲಿಯವಳೆಂದು ನೆರೆಯವರು ಕೇಳಿದರೆ ಅತ್ತೆ "ದೂರದವಳು" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಬೆಟ್ಟದವರ ಹಳೆಯ ಕಥೆಯೊಂದನ್ನು ಕಿರುಚಿತ್ರ ಮಾಡಿಕೊಡಿ ಎಂದು ಟೀವಿಯವರು ಕೇಳಿದ ದಿನ ಮಾತ್ರ ಅವಳ ಹುಟ್ಟು ಇದ್ದಕ್ಕಿದ್ದಂತೆ ಎಲ್ಲರಿಗೂ ನೆನಪಾಯಿತು.

ಅವ್ವನ ಬಳಿ ಇದ್ದದ್ದು ಒಂದೇ ದೊಡ್ಡ ಕಥೆ. ಮೊದಲು ಮನುಷ್ಯರೆಲ್ಲ ಒಂದು ಬೆಟ್ಟದ ಹೊಟ್ಟೆಯೊಳಗಿದ್ದರಂತೆ. ಬಂಡೆ ಬಿರುಕು ಬಿಟ್ಟಾಗ ಹಿರಿಯಕ್ಕ ಅದಕ್ಕೆ ಹೆಗಲು ಕೊಟ್ಟು ನಿಂತಳಂತೆ. ತಮ್ಮಂದಿರು, ತಂಗಿಯರು ಅವಳ ತೋಳಿನ ಕೆಳಗೆ ನುಸುಳಿ ಬೆಳಕಿಗೆ ಬಂದರು. ಅಕ್ಕ ಬರಲಿಲ್ಲ. ಇನ್ನೂ ಹುಟ್ಟಬೇಕಾದ ಮಕ್ಕಳು ಒಳಗಿದ್ದಾರಲ್ಲ, ಹೇಗೆ ಬಂದಾಳು! ತಾಯಿಯಿಂದ ಮಗಳಿಗೆ ಒಂದಕ್ಷರ ತಪ್ಪದೆ ಬಂದ ಕಥೆ ಅದು. ಕೊನೆಯನ್ನು ಬದಲಿಸಿದವಳು ಮತ್ತೆಂದೂ ಅದನ್ನು ಹೇಳುವಂತಿಲ್ಲ.

ಕಥೆ ಹೇಳುವ ದನಿ ಅವ್ವನದು, ಚಿತ್ರ ಬರೆಯುವ ಕೈ ಮಗಳದು. ಕೆಲಸ ಮುಕ್ಕಾಲು ಮುಗಿದಾಗ ಟೀವಿಯವರು ಬಂದು ನೋಡಿದರು. ಮಕ್ಕಳು ಅತ್ತುಬಿಡುತ್ತಾರೆ, ಅಕ್ಕನನ್ನು ಹೊರಗೆ ತನ್ನಿ ಎಂದರು. ಗಂಡ ಅವಳನ್ನು ಒಂದು ಮಾತೂ ಕೇಳದೆ ಆಗಲಿ ಎಂದು ಒಪ್ಪಿಕೊಂಡು ಬಂದ.

ಈಗ ಗಂಡ ಮೈಕನ್ನು ಅವ್ವನ ಬಾಯಿಗೆ ಇನ್ನಷ್ಟು ಹತ್ತಿರ ಸರಿಸಿದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಅವ್ವ ಹೇಳೋದು ಬೇಡ. ನಾನೂ ಬರೆಯಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ದನಿ ಏರಿಸಲಿಲ್ಲ. "ಬರೀಬೇಡ. ನಿಮ್ಮವ್ವನ ಜೊತೆ ನೀನೂ ಬಸ್ಸು ಹತ್ತು. ಮಗು ಮಾತ್ರ ಇಲ್ಲೇ ಇರತ್ತೆ. ನಮ್ಮನೆ ಕೂಸನ್ನ ಬೆಟ್ಟದಲ್ಲಿ ಬೆಳೆಯೋಕೆ ನಾನು ಬಿಡಲ್ಲ."

ಅವಳು ಗಂಡನತ್ತ ನೋಡಿದಳು. ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಕೋಣೆಯ ಕಂಬಳಿಗಳೆಲ್ಲ ಒಟ್ಟಾಗಿ ತನ್ನ ಮುಖದ ಮೇಲೆಯೇ ಬಿದ್ದಂತಾಯಿತು ಅವಳಿಗೆ. ಹೋಗಲು ಬಾಗಿಲಿತ್ತು, ಕಾಲಿತ್ತು... ಆದರೆ ಶಾಲೆಯಿಂದ ಬಂದು "ಅಮ್ಮಾ" ಎನ್ನುವ ಮಗುವಿಗೆ ಯಾರು ಓಗೊಡಬೇಕು?

"ಅವನು ಏನಾದ್ರೂ ಅಂತಾನೇನೋ ಅಂತ ಕಾಯ್ತಿದ್ದೀಯಾ ಮಗಳೇ?" ಎಂದು ಅವ್ವ ಮೆಲ್ಲನೆ ಕೇಳಿದಳು.

ಅವ್ವ ಸೆರಗಿನಿಂದ ಬಾಯೊರೆಸಿಕೊಂಡು ಮೈಕಿನ ಕಡೆ ತಿರುಗಿದಳು.

"ಬೇಡವ್ವಾ... ನಾನು ಹೇಗೋ ಇರ್ತೀನಿ..."

"ನೀನಿರ್ತೀಯ. ಅಮ್ಮ ಇಲ್ದೆ ಆ ಕೂಸು ಇರಬೇಕಲ್ಲ. ಬಾಗಿಲು ಹಾಕ್ಕೊಳ್ಳಿ ಬೀಗಿತ್ತಿ, ಸದ್ದು ಬರತ್ತೆ."

ಅವ್ವ ಒಂದೇ ಸಲಕ್ಕೆ, ಸ್ವಲ್ಪವೂ ನಡುಗದೆ, ಆ ಮಾತನ್ನು ಹೇಳಿಬಿಟ್ಟಳು. ತುಂಬಾ ಚೆನ್ನಾಗಿ ಬಂತು ಎಂದ ಅಳಿಯ. ಮಧ್ಯಾಹ್ನದ ಬಸ್ಸಿಗೇ ಅವ್ವ ಹೊರಟುಹೋದಳು. ಊಟಕ್ಕೂ ನಿಲ್ಲಲಿಲ್ಲ.

ಮಗಳು ಮೇಜಿನ ಮುಂದೆ ಕೂತಳು. ಅಕ್ಕನ ಬಾಗಿದ ಬೆನ್ನನ್ನೇ ತಿಂಗಳುಗಟ್ಟಲೆ ಬರೆದ ಕೈಗೆ ಅದನ್ನು ನೆಟ್ಟಗೆ ಮಾಡುವುದು ಒಲಿಯಲಿಲ್ಲ. ಬರೆದಳು, ಅಳಿಸಿದಳು, ಕಣ್ಣೊರೆಸಿಕೊಂಡು ಮತ್ತೆ ಬರೆದಳು. ಕೊನೆಗೂ ಅಕ್ಕ ಬಂಡೆ ಬಿಟ್ಟು ಬಿಸಿಲಿಗೆ ಬಂದು ನಕ್ಕಳು.

ಚಿತ್ರ ಎಲ್ಲರ ಮನಸ್ಸು ಗೆದ್ದಿತು. ಸ್ಟುಡಿಯೋಗೆ ಕೈತುಂಬ ಕೆಲಸ ಬಂತು. "ನಮ್ಮ ಸೊಸೆ ತವರಿನ ಕಥೆ ಕಣ್ರೀ," ಎಂದು ಅತ್ತೆ ಈಗ ಕೇಳದವರಿಗೂ ಹೇಳುತ್ತಿದ್ದರು. ಗಂಡ ಅವಳಿಗೊಂದು ಹೊಸ ಕುರ್ಚಿ ತಂದುಕೊಟ್ಟ, ಬೆನ್ನು ನೋಯದಿರಲೆಂದು.

ಒಂದು ಭಾನುವಾರ ಮಗು ಅಜ್ಜಿಗೆ ಫೋನು ಹಚ್ಚಿಸಿಕೊಂಡು, ಬೆಟ್ಟದಕ್ಕನ ಕಥೆ ಹೇಳೆಂದು ಹಟ ಹಿಡಿಯಿತು. ಆ ಕಡೆಯಿಂದ ಅಜ್ಜಿ ಹೇಳಿದಳು:

"ನಂಗೆ ಬರಲ್ಲ ಕಂದಾ. ಮರ್ತೇ ಹೋಯ್ತು. ಟೀವೀಲಿ ಬರತ್ತಲ್ಲ, ಅದನ್ನೇ ನೋಡ್ಕೋ."

ಮಗು ಮುಖ ಸಪ್ಪೆ ಮಾಡಿಕೊಂಡು ಅಮ್ಮನತ್ತ ತಿರುಗಿತು. "ನಿಂಗೆ ಬರತ್ತಾ ಅಮ್ಮಾ?"

ಒಂದೊಂದು ಮಾತೂ ನಾಲಿಗೆಯ ತುದಿಗೆ ಬಂದು ನಿಂತಿತ್ತು...

"ಇಲ್ಲ ಪುಟ್ಟಿ. ನಂಗೂ ಬರಲ್ಲ," ಎಂದು ಅವಳು ಮಗುವನ್ನು ಮಡಿಲಿಗೆಳೆದುಕೊಂಡು ಟೀವಿ ಹಾಕಿದಳು.